ಯಂತ್ರ ಗಟ್ಟಿ ಎಂದಿತು, ಎಲುಬು ಮುರಿಯಿತು

ಶಹಾಬಾದಿನಲ್ಲಿ ನೀರು ಕಾಯಿಸುವ ಪಾತ್ರೆಗೆ ಬಿಳಿ ಪೊರೆ ಕಟ್ಟದ ಮನೆ ಸಿಗುವುದು ಕಷ್ಟ. ನೆಲದಡಿಯೆಲ್ಲ ಸುಣ್ಣದ ಕಲ್ಲು. ಆ ಕಲ್ಲಿನ ಸಂದಿಗಳಲ್ಲಿ ಹರಿದ ನೀರೇ ಬೋರಿಗೆ ಬರುತ್ತದೆ. ಶರಣಬಸಮ್ಮ ಆಗಾಗ ಹುಣಸೆಹಣ್ಣು ಹಚ್ಚಿ ಪಾತ್ರೆಯ ಪೊರೆಯನ್ನು ತಿಕ್ಕಿ ತೆಗೆಯುತ್ತಿದ್ದಳು. ನೆಲದ ಮೇಲೆ ಕೂತು ಮಾಡುವ ಕೆಲಸ ಅದು. ಈಚೆಗೆ ಅವಳಿಗೆ ಕೂರುವುದೂ ಏಳುವುದೂ ಕಷ್ಟವಾಗತೊಡಗಿತ್ತು. ಸೊಂಟದಲ್ಲಿ ಶುರುವಾದ ನೋವು ತೊಡೆಗೆ ಇಳಿದು, ಮೊಣಕಾಲಿಗೆ ಬಂದು ನಿಲ್ಲುತ್ತಿತ್ತು.

ಗಂಡ ಜಗದೇವಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿ ವಯಸ್ಸು ಕಳೆದವನು. ಈಗ ಮನೆಯಲ್ಲೇ ಇದ್ದ. ಹೆಂಡತಿ ನೋವು ಅಂದಾಗ ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದ.

"ನಮ್ಮ ನೀರಾಗೇ ಇಷ್ಟ ಸುಣ್ಣ ಅದ. ಕುಡದಿದ್ದೆಲ್ಲ ಎಲುಬಿಗೇ ಹೋಗ್ತದ. ನಿನ್ನ ಎಲುಬು ಹ್ಯಾಂಗ ಸವೀತಾವ?" ಅನ್ನುತ್ತಿದ್ದ.

ಓಣಿಯಲ್ಲಿ ಬಹಳ ಜನ ಹಾಗೇ ತಿಳಿದಿದ್ದರು. ಅದರಲ್ಲಿ ಅವನೊಬ್ಬನದೇ ತಪ್ಪಿಲ್ಲ.

ಶರಣಬಸಮ್ಮನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಅದು ಮೆಲ್ಲಗೆ ಕಿಡ್ನಿಯನ್ನೂ ಹಿಡಿದಿತ್ತು. ಕಲಬುರಗಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿಗಳು ಅರ್ಧದಷ್ಟೂ ಕೆಲಸ ಮಾಡುತ್ತಿಲ್ಲ, ನಮ್ಮನ್ನು ಕೇಳದೆ ಬೇರೆ ಯಾವ ಗುಳಿಗೆಯನ್ನೂ ನುಂಗಬೇಡಿ ಎಂದು ತಿಳಿಸಿ ಹೇಳಿದ್ದರು. ಮನೆಯವರು ಆ ಮಾತನ್ನು ಮರೆತಿರಲಿಲ್ಲ. ಆದರೆ ಕಿಡ್ನಿ ಅಂದರೆ ಮೂತ್ರದ ವಿಷಯ, ಎಲುಬಿನದು ಬೇರೆ ವಿಷಯ ಎಂದು ಅವರು ಅಂದುಕೊಂಡಿದ್ದರು. ಕಿಡ್ನಿಗೂ ಎಲುಬಿಗೂ ನಂಟು ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಗಳು ಭಾಗ್ಯಶ್ರೀಯನ್ನು ಚಿತ್ತಾಪುರಕ್ಕೆ ಕೊಟ್ಟಿದ್ದರು. ಅಲ್ಲಿ ಅವಳು ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಒಂದು ದಿನ ಅಂಗಡಿಗೆ ಬಂದ ಹೆಣ್ಣುಮಕ್ಕಳು, ಕಲ್ಯಾಣ ಮಂಟಪದಲ್ಲಿ ಎಲುಬಿನ ಶಿಬಿರ ನಡೆಯುತ್ತಿದೆ, ಯಂತ್ರದಲ್ಲಿ ಹಿಮ್ಮಡಿ ಇಟ್ಟರೆ ಎಲುಬು ಎಷ್ಟು ಗಟ್ಟಿ ಅಂತ ತೋರಿಸುತ್ತದೆ ಎಂದು ಮಾತಾಡಿಕೊಂಡರು. ಭಾಗ್ಯಶ್ರೀಗೆ ತಾಯಿಯ ನೋವು ನೆನಪಾಯಿತು. ಮರುದಿನವೇ ಕರೆಸಿಕೊಂಡಳು.

ಶಿಬಿರದಲ್ಲಿ ಬಿಳಿ ಕೋಟು ಹಾಕಿದ ಒಬ್ಬಾತ ಇದ್ದ. ಅವನು ಡಾಕ್ಟರು ಅಂತ ಯಾರೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಸಣ್ಣ ಎಕ್ಸ್‌ರೇ ಯಂತ್ರದಲ್ಲಿ ಶರಣಬಸಮ್ಮನ ಹಿಮ್ಮಡಿ ಇಡಿಸಿ ಒಂದು ನಂಬರು ತೋರಿಸಿದ. ಅದು ಕೆಂಪು ಪಟ್ಟಿಯಲ್ಲಿತ್ತು. ಎಲುಬು ಟೊಳ್ಳಾಗಿವೆ, ಇನ್ನು ತಡ ಮಾಡಿದರೆ ಮುರಿಯುತ್ತವೆ ಎಂದ. ಭಾಗ್ಯಶ್ರೀಯ ಮುಖ ಬಾಡಿತು. ಆಗ ಅವನು ಒಂದು ಡಬ್ಬಿ ಮುಂದಿಟ್ಟ. ಇದರಲ್ಲಿರುವುದು ಕಲ್ಲಿನಲ್ಲಿ, ನೀರಿನಲ್ಲಿ ತಾನಾಗಿಯೇ ಇರುವ ಖನಿಜ, ಕ್ಯಾಲ್ಸಿಯಂಗಿಂತ ತಾಕತ್ತು ಹೆಚ್ಚು ಎಂದು ವಿವರಿಸಿದ. ರಾತ್ರಿ ಊಟವಾದ ಎಷ್ಟೋ ಹೊತ್ತಿನ ಮೇಲೆ ನುಂಗಬೇಕು, ರಾತ್ರಿ ಹೊತ್ತು ಹಾಲು ಮೊಸರು ಮುಟ್ಟಬಾರದು, ಮುಟ್ಟಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ ಎಂದೂ ಹೇಳಿದ.

ಸಕ್ಕರೆ ಇದೆಯೇ, ಕಿಡ್ನಿ ಹೇಗಿದೆ, ಎದೆಯ ತೊಂದರೆ ಇದೆಯೇ ಎಂದು ಅವನು ಕೇಳಲೇ ಇಲ್ಲ. ಶರಣಬಸಮ್ಮ ತಾನೇ ಬಾಯಿ ತೆರೆದು, ನನಗೆ ಕಿಡ್ನಿ ಸ್ವಲ್ಪ ಸರಿಯಿಲ್ಲ ಅಂದಾಗ, ಇದು ಔಷಧವೇ ಅಲ್ಲ, ಆಹಾರ ಇದ್ದ ಹಾಗೆ ಎಂದು ಮುಂದಿನವರನ್ನು ಕರೆದ. ಭಾಗ್ಯಶ್ರೀ ಕೆಲವು ತಿಂಗಳಿಗೆ ಆಗುವಷ್ಟು ಡಬ್ಬಿ ಕೊಂಡಳು.

ಅಂದಿನಿಂದ ಶರಣಬಸಮ್ಮ ರಾತ್ರಿ ರೊಟ್ಟಿಯ ಜೊತೆ ಮೊಸರು ಬಿಟ್ಟಳು. ರಾತ್ರಿ ಬಿಟ್ಟಿದ್ದು ಹಗಲಿಗೂ ಬಂತು. ಹಾಲು ಮೊಸರು ಅಂದರೆ ಗುಳಿಗೆಗೆ ವಿರೋಧ ಅಂತ ಅವಳ ಮನಸ್ಸಿಗೆ ಬಂದುಬಿಟ್ಟಿತ್ತು. ಮಲಗುವ ಮುಂಚೆ ಜಗದೇವಪ್ಪ ತಾನೇ ನೀರಿನ ಲೋಟ ಹಿಡಿದುಕೊಂಡು ಬಂದು, ಅವಳ ಅಂಗೈಯಲ್ಲಿ ಗುಳಿಗೆ ಇಡುತ್ತಿದ್ದ. ಜೀವಮಾನದಲ್ಲಿ ಹೆಂಡತಿಗೆ ಒಂದು ಲೋಟ ನೀರು ತಂದುಕೊಟ್ಟವನಲ್ಲ ಅವನು. ಅವಳ ಎಲುಬಿನ ನಂಬರು ಕೆಂಪು ಪಟ್ಟಿಯಲ್ಲಿದ್ದುದು ಅವನನ್ನು ಒಳಗೇ ಹೆದರಿಸಿತ್ತು.

ಕೆಲವು ತಿಂಗಳಾದ ಮೇಲೆ ಅದೇ ಶಿಬಿರ ಹತ್ತಿರದ ವಾಡಿ ಊರಿಗೆ ಬಂತು. ಈ ಸಲ ಜಗದೇವಪ್ಪನೇ ಹೆಂಡತಿಯನ್ನು ಕರೆದುಕೊಂಡು ಹೋದ. ಯಂತ್ರದಲ್ಲಿ ನಂಬರು ಏರಿತ್ತು. ಕೆಂಪು ಪಟ್ಟಿ ದಾಟಿ ಹಳದಿಗೆ ಬಂದಿತ್ತು. ಕೋಟಿನವನು ಅವನ ಕೈ ಕುಲುಕಿ, ಇನ್ನೂ ಕೆಲವು ಡಬ್ಬಿ ಮಾರಿದ. ಜಗದೇವಪ್ಪ ಮನೆಗೆ ಬಂದವನೇ ಮಗಳಿಗೆ ಫೋನು ಮಾಡಿ, ಅವ್ವನ ಎಲುಬು ಗಟ್ಟಿ ಆಗಿವೆ ಎಂದ. ಭಾಗ್ಯಶ್ರೀ ಫೋನಿನಲ್ಲೇ ಅತ್ತಳು. ಅದು ಸಮಾಧಾನದ ಅಳು.

ಆದರೆ ಶರಣಬಸಮ್ಮನ ನೋವು ಇಳಿದಿರಲಿಲ್ಲ, ಹೆಚ್ಚಾಗಿತ್ತು. ಮೊದಲು ನೆಲದಿಂದ ಏಳಲು ಕೈ ಊರುತ್ತಿದ್ದವಳನ್ನು ಈಗ ಯಾರಾದರೂ ಎಬ್ಬಿಸಬೇಕಿತ್ತು. ನಡೆಯುವಾಗ ಬಾತುಕೋಳಿಯ ಹಾಗೆ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲುತ್ತಿದ್ದಳು. ಪಕ್ಕೆಯ ಮೇಲೆ ಮಲಗಿದರೆ ಪಕ್ಕೆಲುಬು ಚುಚ್ಚುತ್ತಿತ್ತು. ಇದನ್ನೆಲ್ಲ ಗಂಡನಿಗೆ ಹೇಳಿದಾಗ, ಗುಳಿಗೆ ಒಳಗೆ ಕೆಲಸ ಮಾಡುವಾಗ ಹಾಗಾಗುತ್ತದೆ, ಯಂತ್ರ ಸುಳ್ಳು ಹೇಳುತ್ತದೆಯೇ ಎಂದು ಅವನು ಧೈರ್ಯ ತುಂಬಿದ. ಯಂತ್ರ ಒಳ್ಳೆಯದು ಹೇಳಿದ ಮೇಲೆ ತನ್ನ ನೋವಿನ ಮಾತು ಎತ್ತುವುದು ತಪ್ಪೇನೋ ಅನ್ನಿಸುತ್ತಿತ್ತು ಅವಳಿಗೆ.

ಪಕ್ಕದ ಮನೆ ಜೈತುನ್‌ಬೀಯದು. ಅವಳ ಮಗಳು ಹುಮೇರಾ ಭಾಗ್ಯಶ್ರೀಯ ಜೊತೆ ಓದಿದವಳು. ಸೇಡಂ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್ ಆಗಿದ್ದಳು. ರಂಜಾನಿಗೆ ರಜೆ ಹಾಕಿ ತವರಿಗೆ ಬಂದವಳು ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತಾಗ, ಶರಣಬಸಮ್ಮ ಗೋಡೆ ಹಿಡಿದು ಬಚ್ಚಲಿನಿಂದ ಹೊರಗೆ ಬರುತ್ತಿದ್ದಳು. ಹುಮೇರಾ ಓಡಿಬಂದು ಕೈಕೊಟ್ಟಳು. ಆ ನಡಿಗೆಯಂಥ ನಡಿಗೆಯನ್ನು ಅವಳು ತನ್ನ ವಿಭಾಗದಲ್ಲಿ ಬಹಳ ನೋಡಿದ್ದಳು. ಏನೇನು ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು. ಶರಣಬಸಮ್ಮ ಎಲ್ಲವನ್ನೂ ತಂದು ತೋರಿಸಿದಳು. ಸಕ್ಕರೆಯದು, ರಕ್ತದೊತ್ತಡದ್ದು, ಕೊನೆಗೆ ಆ ಡಬ್ಬಿ.

ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಹುಮೇರಾ ಎರಡು ಸಲ ಓದಿದಳು.

"ಕಾಕಿ, ಇದನ್ನ ಇವತ್ತೇ ಬಿಡ್ರಿ. ಇನ್ನೊಂದು ಗುಳಗಿ ಸೈತ ನುಂಗಬ್ಯಾಡ್ರಿ," ಎಂದಳು.

ಜಗದೇವಪ್ಪ ಒಳಗಿಂದ ಬಂದ. ವಾಡಿಯಲ್ಲಿ ಏರಿದ ನಂಬರಿನ ವಿಷಯ ಹೇಳಿದ. ಇಷ್ಟು ಗುಣ ಕಂಡ ಔಷಧವನ್ನು ಯಾಕೆ ಬಿಡಬೇಕು ಎಂದು ಕೇಳಿದ. ಸಿಟ್ಟಿನಿಂದ ಕೇಳಲಿಲ್ಲ. ಹುಮೇರಾ ಅವನ ಕಣ್ಣೆದುರಿಗೇ ಬೆಳೆದ ಹುಡುಗಿ.

ಹುಮೇರಾ ನಿಧಾನಕ್ಕೆ ಹೇಳತೊಡಗಿದಳು. ನಾವು ಉಂಡದ್ದರಲ್ಲಿ, ಕುಡಿದ ನೀರಿನಲ್ಲಿ ಇರುವ ಕ್ಯಾಲ್ಸಿಯಂ ಎಲ್ಲ ಮೈಗೆ ಹತ್ತುವುದಿಲ್ಲ. ಕರುಳು ಅದರಲ್ಲಿ ಒಂದು ಪಾಲನ್ನು ಮಾತ್ರ ಹೀರಿಕೊಳ್ಳುತ್ತದೆ. ಉಳಿದದ್ದು ಮಲದಲ್ಲಿ ಹೊರಗೆ ಹೋಗುತ್ತದೆ. ಆ ಒಂದು ಪಾಲನ್ನು ಸರಿಯಾಗಿ ಹೀರಿಕೊಳ್ಳಲಿಕ್ಕೂ ವಿಟಮಿನ್ ಡಿ ಬೇಕು. ಬಿಸಿಲು ಬಿದ್ದರೆ ಚರ್ಮದಲ್ಲಿ ಅದು ಹುಟ್ಟುತ್ತದೆ ನಿಜ, ಆದರೆ ಅದನ್ನು ಕೆಲಸಕ್ಕೆ ಬರುವ ಹಾಗೆ ತಯಾರು ಮಾಡುವುದು ಕಿಡ್ನಿ. ಕಿಡ್ನಿ ಸೋತರೆ ನೀರಿನಲ್ಲಿ ಎಷ್ಟು ಸುಣ್ಣವಿದ್ದರೂ ಎಲುಬಿಗೆ ಮುಟ್ಟುವುದು ಕಷ್ಟ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಎದೆಯ ಬಡಿತಕ್ಕೆ, ನರಗಳಿಗೆ ತೊಂದರೆ. ಅದಕ್ಕೇ ಮೈ ಎಲುಬಿನಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ. ಎಲುಬು ಸವೆಯುವುದು ಹೀಗೆ.

"ಮತ್ತ ಈ ಗುಳಗಿ ಅದನ್ನ ತುಂಬಾಕತ್ತದಲ್ಲವ್ವಾ?" ಎಂದ ಜಗದೇವಪ್ಪ.

"ಇದರಾಗ ಇರೋದು ಕ್ಯಾಲ್ಸಿಯಂ ಅಲ್ರಿ ಕಾಕಾ. ಸ್ಟ್ರಾನ್ಷಿಯಂ. ಕ್ಯಾಲ್ಸಿಯಂನ ದಾಯಾದಿ ಇದ್ದಂಗ. ಕರುಳಿಗ ಎರಡರ ಫರಕು ಪೂರಾ ತಿಳಿಯಂಗಿಲ್ಲ, ಎರಡನ್ನೂ ಒಂದೇ ಬಾಗಲದಿಂದ ಒಳಗ ಬಿಡ್ತದ. ಕ್ಯಾಲ್ಸಿಯಂ ಇದ್ರ ಅದಕ್ಕ ಮೊದಲ ಜಾಗ. ಅದಕ್ಕೇ ಅಂವ ಮೊಸರು ಬಿಡ್ರಿ ಅಂದಾನ. ಮೊಸರು ಬಿಟ್ರ ಬಾಗಲು ಖಾಲಿ, ಇದು ಸರಾಗ ಒಳಗ ಬರ್ತದ."

"ಬಂದ್ರ ಏನಾಗ್ತದ?"

"ಚಲೋ ಕಿಡ್ನಿ ಇದ್ದೋರಿಗ ಬಂದದ್ದರಾಗ ಬಹಳಷ್ಟು ಉಚ್ಚಿನಾಗ ಹೋಗ್ತದ. ಕಿಡ್ನಿ ಕ್ಯಾಲ್ಸಿಯಂನ ಸೋಸಿ ಬಹುತೇಕ ವಾಪಸ್ ರಕ್ತಕ್ಕ ಕೊಡ್ತದ, ಸ್ಟ್ರಾನ್ಷಿಯಂನ ಅಷ್ಟು ಹಿಡಕೊಳ್ಳಂಗಿಲ್ಲ, ಹೊರಗ ಬಿಡ್ತದ. ನೀರಾಗ, ಕಾಯಿಪಲ್ಯಾದಾಗ ಚೂರುಪಾರು ಬರೋದು ಹಂಗೇ ಹೋಗ್ತದ. ಕಾಕಿ ಕಿಡ್ನಿಗ ಆ ತಾಕತ್ತಿಲ್ಲ. ದಿನಾ ಒಳಗ ಬರಾಕತ್ತದ, ಹೊರಗ ಹೋಗಾಕ ದಾರಿ ಇಲ್ಲ. ಅದು ಎಲುಬಿನಾಗ ಹೋಗಿ ಕುಂದರ್ತದ."

ಜಗದೇವಪ್ಪನ ಮುಖ ಸ್ವಲ್ಪ ಅರಳಿತು. "ಎಲುಬಿನಾಗ ಕುಂತ್ರ ಚಲೋನೇ ಆತಲ್ಲ. ಅದಕ್ಕೇ ನಂಬರು ಏರ್ಯದ."

ಇಂಥ ಮಾತಿಗೆ ಸಿಟ್ಟಾಗುವ ಹಾಗಿಲ್ಲ ಎಂದು ಹುಮೇರಾಗೆ ಗೊತ್ತಿತ್ತು. ಸ್ಟ್ರಾನ್ಷಿಯಂ ಕ್ಯಾಲ್ಸಿಯಂಗಿಂತ ಭಾರ, ಅದು ಎಕ್ಸ್‌ರೇಯನ್ನು ಹೆಚ್ಚು ತಡೆಯುತ್ತದೆ ಎಂದು ತಿಳಿಸಿದಳು. ಎಲುಬಿನಲ್ಲಿ ಯಾವುದು ಕೂತಿದೆ ಎಂಬುದು ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಎಷ್ಟು ತಡೆಯಿತು ಎಂಬುದನ್ನಷ್ಟೇ ಅದು ಅಳೆಯುತ್ತದೆ. ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಇದು ಅತಿಯಾಗಿ ತುಂಬಿದರೆ ಹೊಸ ಎಲುಬು ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ನಂಬರು ಮಾತ್ರ ಏರುತ್ತಾ ಹೋಗುತ್ತದೆ.

"ಎಲುಬು ಗಟ್ಟಿ ಆಗಿದ್ರ ಕಾಕಿ ಗ್ವಾಡಿ ಹಿಡಕೊಂಡು ಯಾಕ ನಡೀತಿದ್ರು, ನೀವೇ ಹೇಳ್ರಿ," ಎಂದಳು.

ಜಗದೇವಪ್ಪ ಡಬ್ಬಿ ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ. ಕಲಬುರಗಿಯ ಡಾಕ್ಟರಿಗೆ ಈ ಡಬ್ಬಿಯನ್ನೇ ತೋರಿಸಿ, ತಡ ಮಾಡಬೇಡಿ ಎಂದು ಹುಮೇರಾ ಹೇಳಿ ಹೋದಳು. ಹಬ್ಬ ಮುಗಿಸಿ ಸೇಡಂಗೆ ಹೊರಡುವಾಗಲೂ ಮತ್ತೊಮ್ಮೆ ಹೇಳಿದಳು. ಜಗದೇವಪ್ಪ ಹೂಂ ಅಂದ.

ಆದರೆ ಅವನ ಮನಸ್ಸು ಒಪ್ಪಿರಲಿಲ್ಲ. ಜೀವಮಾನವೆಲ್ಲ ಕಲ್ಲು ಮುಟ್ಟಿದವನು. ಭಾರವಿದ್ದ ಕಲ್ಲು ಗಟ್ಟಿ, ಹಗುರವಿದ್ದದ್ದು ಪುಡಿ. ಅವನು ಕಂಡ ಲೆಕ್ಕ ಅದು. ಹುಮೇರಾ ನಮ್ಮ ಹುಡುಗಿ ಹೌದು, ಆದರೆ ಆ ಯಂತ್ರದ ಮುಂದೆ ಅವಳ ಮಾತೇನು ಅಂದುಕೊಂಡ. ಡಾಕ್ಟರನ್ನು ಕಾಣುವವರೆಗೆ ನಿಲ್ಲಿಸುವುದು ಬೇಡ, ಏರಿದ ನಂಬರು ಮತ್ತೆ ಇಳಿದರೆ ಯಾರು ಹೊಣೆ ಅಂದುಕೊಂಡ. ಇವತ್ತು ನಾಳೆ ಎಂದು ಕಲಬುರಗಿ ಪ್ರಯಾಣ ಮುಂದಕ್ಕೆ ಹೋಯಿತು. ದಿನಾ ಮಲಗುವ ಮುಂಚೆ ನೀರಿನ ಲೋಟ ಮಾತ್ರ ತಪ್ಪದೆ ಬರುತ್ತಿತ್ತು.

ಶರಣಬಸಮ್ಮನಿಗೆ ಹುಮೇರಾ ಹೇಳಿದ್ದು ಅರ್ಥವಾಗಿತ್ತು. ಆದರೂ ಅವಳು ನುಂಗಿದಳು. ಗಂಡ ಅಷ್ಟು ಪ್ರೀತಿಯಿಂದ ನೀರು ಹಿಡಿದು ನಿಂತಾಗ ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಹೊತ್ತು. ಒಂದು ಬೆಳಿಗ್ಗೆ ಅವಳು ಹೊಸ್ತಿಲು ದಾಟಲು ಕಾಲೆತ್ತಿದಳು. ಜಾರಲಿಲ್ಲ, ಎಡವಲಿಲ್ಲ. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಆಮೇಲೆ ಅವಳು ಬಿದ್ದಳು. ಅಡುಗೆಮನೆಯಲ್ಲಿದ್ದ ಜಗದೇವಪ್ಪನಿಗೆ ಮೊದಲು ಕೇಳಿದ್ದು ಆ ಸದ್ದು, ನಂತರ ಅವಳ ಕೂಗು. ಬಿದ್ದು ಎಲುಬು ಮುರಿದದ್ದಲ್ಲ, ಎಲುಬು ಮುರಿದು ಬಿದ್ದದ್ದು. ಅದನ್ನು ಅವನು ಆಮೇಲೆ ಎಷ್ಟೋ ಜನರ ಮುಂದೆ ಹೇಳಿದ.

ಜೈತುನ್‌ಬೀ ಓಡಿಬಂದು, ತನ್ನ ದುಪ್ಪಟ್ಟಾದಿಂದ ಕಾಲು ಅಲುಗದ ಹಾಗೆ ಒಂದು ಕಟ್ಟಿಗೆಗೆ ಬಿಗಿದಳು. ಭಾಗ್ಯಶ್ರೀ ಚಿತ್ತಾಪುರದಿಂದ ನೇರ ಕಲಬುರಗಿ ಆಸ್ಪತ್ರೆಗೆ ಬಂದಳು. ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿತ್ತು. ಎರಡು ಪಕ್ಕೆಲುಬುಗಳಲ್ಲಿ ಯಾವಾಗಲೋ ಆದ ಬಿರುಕುಗಳೂ ಇದ್ದವು. ರಾಡು ಹಾಕಿದರು. ಎಲುಬು ಮೆತ್ತಗಿದ್ದುದರಿಂದ ಸ್ಕ್ರೂ ಗಟ್ಟಿಯಾಗಿ ಹಿಡಿಯಲಿಲ್ಲ. ಅವಳು ಮತ್ತೆ ತನ್ನ ಕಾಲ ಮೇಲೆ ನಿಲ್ಲುವುದು ಅನುಮಾನ ಎಂದು ಆಪರೇಷನ್ ಮಾಡಿದವರು ತಿಳಿಸಿದರು. ಆ ಹೊಡೆತಕ್ಕೆ ಕಿಡ್ನಿಗಳೂ ಪೂರಾ ಕುಸಿದವು. ಡಯಾಲಿಸಿಸ್ ಶುರುವಾಯಿತು.

ಕಿಡ್ನಿ ಡಾಕ್ಟರು ಹಳೆಯ ಪರಿಚಯದವರೇ. ಅಪ್ಪನ ಕಿಸೆಯಲ್ಲಿದ್ದ ಡಬ್ಬಿಯನ್ನು ಭಾಗ್ಯಶ್ರೀ ಅವರ ಮೇಜಿನ ಮೇಲಿಟ್ಟಳು. ಅವರು ರಕ್ತ ತೆಗೆಸಿ ಹೈದರಾಬಾದಿನ ಲ್ಯಾಬಿಗೆ ಕಳಿಸಿದರು. ಸ್ಟ್ರಾನ್ಷಿಯಂ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಡಾಕ್ಟರು ಯಾರನ್ನೂ ಗದರಲಿಲ್ಲ. ಕಿಡ್ನಿ ಸೋತವರ ಎಲುಬು ಹೇಗಿದ್ದರೂ ಸೊರಗುತ್ತದೆ, ಎಲ್ಲವನ್ನೂ ಈ ಗುಳಿಗೆಯ ಮೇಲೆ ಹಾಕುವ ಹಾಗಿಲ್ಲ, ಆದರೆ ಸೊರಗಿದ ಎಲುಬಿಗೆ ಇದು ಇನ್ನಷ್ಟು ಪೆಟ್ಟು ಕೊಟ್ಟಿದೆ ಎಂದರು. ಎಲುಬಿಗೆಂದು ಸ್ಟ್ರಾನ್ಷಿಯಂನ ಒಂದು ಔಷಧ ಇರುವುದು ನಿಜ, ಅದನ್ನು ಡಾಕ್ಟರು ಕೂಡ ಬಹಳ ಯೋಚಿಸಿ, ಕಿಡ್ನಿ ಮತ್ತು ಎದೆಯನ್ನು ಪರೀಕ್ಷೆ ಮಾಡಿ, ಅಪರೂಪಕ್ಕೆ ಕೊಡುತ್ತಾರೆ, ಕಿಡ್ನಿ ಇಷ್ಟು ಸೋತವರಿಗೆ ಕೊಡುವುದೇ ಇಲ್ಲ ಎಂದೂ ಹೇಳಿದರು.

ಜಗದೇವಪ್ಪ ಕೈ ಕಟ್ಟಿ ನಿಂತಿದ್ದ. ನಂಬರು ಹೇಗೆ ಏರಿತು ಎಂದು ಕೇಳಿದ. ಹುಮೇರಾ ಹೇಳಿದ್ದನ್ನೇ ಡಾಕ್ಟರು ಹೇಳಿದರು. ಒಂದು ಮಾತೂ ಹೆಚ್ಚು ಕಡಿಮೆ ಇರಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಅವನಿಗೆ ಕಲ್ಲಿನ ಕೆಲಸದ ದಿನಗಳು ನೆನಪಾದವು. ನೋಡಲು ದಪ್ಪ, ಎತ್ತಲು ಭಾರ, ಆದರೆ ಒಳಗೆ ಪದರ ಬಿಟ್ಟಿರುವ ಫರಸಿಗಳೂ ಇರುತ್ತಿದ್ದವು. ಪಾಲಿಶ್ ಯಂತ್ರದ ಮೇಲೆ ಇಟ್ಟೊಡನೆ ಎರಡಾಗಿ ಬಿಡುತ್ತಿದ್ದವು. ಅಂಥವನ್ನು ಎಷ್ಟೋ ಸಲ ತಾನೇ ಎತ್ತಿ ಬದಿಗೆ ಹಾಕಿದ್ದ. ಭಾರವಿದ್ದದ್ದೆಲ್ಲ ಗಟ್ಟಿಯಲ್ಲ ಎಂದು ಅವನಿಗೆ ಮೊದಲೇ ತಿಳಿದಿತ್ತು. ಅದನ್ನು ಹೆಂಡತಿಯ ಎಲುಬಿಗೆ ಹೊಂದಿಸಿ ನೋಡುವ ಯೋಚನೆ ಬರಲಿಲ್ಲ, ಅಷ್ಟೇ. ಹುಮೇರಾ ಬೇಡ ಎಂದ ಮೇಲೂ ಗುಳಿಗೆ ಕೊಟ್ಟದ್ದನ್ನು ಅವನು ಅಲ್ಲೇ ಮಗಳಿಗೆ ಹೇಳಿದ. ಭಾಗ್ಯಶ್ರೀ ಅವನ ಮುಖ ನೋಡಲಿಲ್ಲ. ಮೊದಲ ಡಬ್ಬಿ ತಂದವಳು ನಾನಲ್ಲವೇ ಎಂದಳು.

ಆಮೇಲಿನ ದಿನಗಳು ಸೇಡಂನಲ್ಲಿ ಕಳೆದವು. ಹುಮೇರಾ ಇದ್ದ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಸಿಕ್ಕಿತು. ಶರಣಬಸಮ್ಮನನ್ನು ಮಂಚದಿಂದ ಸ್ಟ್ರೆಚರಿಗೆ, ಸ್ಟ್ರೆಚರಿನಿಂದ ಮಂಚಕ್ಕೆ ಎತ್ತಿ ಇಡಬೇಕಿತ್ತು. ಎತ್ತಿದಾಗೆಲ್ಲ ಅವಳು ತುಟಿ ಕಚ್ಚುತ್ತಿದ್ದಳು. ರಕ್ತದಲ್ಲಿದ್ದ ಸ್ಟ್ರಾನ್ಷಿಯಂ ಡಯಾಲಿಸಿಸ್‌ನಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯಿತು. ಎಲುಬಿನಲ್ಲಿ ಕೂತದ್ದು ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲ, ವರ್ಷಗಳೇ ಹಿಡಿಯುತ್ತವೆ ಎಂದು ಹುಮೇರಾ ಹೇಳಿದ್ದಳು. ಶರಣಬಸಮ್ಮನ ಹತ್ತಿರ ವರ್ಷಗಳು ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಯಂತ್ರಕ್ಕೆ ಹಚ್ಚಿ ಮಲಗಿಸಿದ್ದಾಗ ಭಾಗ್ಯಶ್ರೀ ಮಂಚದ ಬದಿಯಲ್ಲಿ ಕುಳಿತು ಅಳುತ್ತಿದ್ದಳು. ಜಗದೇವಪ್ಪ ಕಿಟಕಿಯ ಹತ್ತಿರ ನಿಂತಿದ್ದ. ಶರಣಬಸಮ್ಮ ಮಗಳ ಕೈ ಹಿಡಿದಳು.

"ಯಾಕ ಅಳಾಕತ್ತಿ? ಶಿಬಿರಕ್ಕ ಹೋದಾಗ ನಿನಗ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಗೊತ್ತಿದ್ದಾಕಿ ಮನಿಗಿ ಬಂದು ಹೇಳಿದ್ಲು. ಅವಾಗ ನಿಮ್ಮಪ್ಪ ಕೇಳಲಿಲ್ಲ, ನಾನೂ ಬಾಯಿ ತೆರೀಲಿಲ್ಲ. ತಪ್ಪಾಗಿದ್ದು ಅಲ್ಲಿ."

ಆಮೇಲೆ ಗಂಡನ ಕಡೆ ತಿರುಗಿದಳು.

"ಮಂದಿಗಿ ಹೇಳ್ರಿ. ನಾಚಬ್ಯಾಡ್ರಿ."

ದೀಪಾವಳಿ ಆದ ಮೇಲೆ ಚಳಿ ಬಿದ್ದಾಗ ಅವಳಿಗೆ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲೇ ತೀರಿಕೊಂಡಳು. ಶಹಾಬಾದಿಗೆ ತಂದು, ವಿಭೂತಿ ಹಚ್ಚಿ, ತಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಕೂರಿಸುವಾಗ ಮುರಿದ ಕಾಲು ಮಡಚಲಿಲ್ಲ. ಜಗದೇವಪ್ಪ ಅದನ್ನು ನೋಡಲಾರದೆ ಆಚೆ ಹೋಗಿ ನಿಂತ.

ಮಂದಿಗೆ ಹೇಳಿ ಎಂದ ಅವಳ ಮಾತನ್ನು ಬಹಳ ದಿನ ಅವನಿಂದ ನಡೆಸಲಾಗಲಿಲ್ಲ. ಸುಲೇಪೇಟದಲ್ಲಿ ಕೊಟ್ಟ ಅವನ ತಂಗಿ ಒಂದು ದಿನ ಫೋನು ಮಾಡಿ, ತಮ್ಮೂರಿಗೆ ಎಲುಬಿನ ಶಿಬಿರ ಬರುತ್ತಿದೆ, ಓಣಿಯವರೆಲ್ಲ ಹೊರಟಿದ್ದಾರೆ, ತಾನೂ ಹೋಗಬೇಕೆಂದಿದ್ದೇನೆ ಎಂದಳು. ಅದೇ ಶಿಬಿರವೋ ಬೇರೆಯೋ ಅವಳಿಗೆ ಗೊತ್ತಿರಲಿಲ್ಲ. ಜಗದೇವಪ್ಪ ಮಾತು ಮುಗಿಯುವವರೆಗೆ ಕೇಳಿದ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ.

ಸುಲೇಪೇಟದ ಬಜಾರಿನಲ್ಲಿ ಒಂದು ಪೆಂಡಾಲು ಹಾಕಿದ್ದರು. ಬೇರೆ ಜನ. ಆದರೆ ಹಾಗೇ ಒಂದು ಯಂತ್ರ, ಮೇಜಿನ ಮೇಲೆ ಅಂಥವೇ ಡಬ್ಬಿಗಳು. ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಜಗದೇವಪ್ಪ ಸಾಲಿನ ಪಕ್ಕ ನಿಂತು, ತಡವರಿಸುತ್ತಾ, ತನ್ನ ಹೆಂಡತಿಗೆ ಆದದ್ದನ್ನು ಹೇಳಿದ. ಜನರ ಮುಂದೆ ಮಾತಾಡಿ ಅವನಿಗೆ ರೂಢಿಯಿಲ್ಲ. ಶಿಬಿರದವರು ಬಂದು, ಮುದುಕನಿಗೆ ತಲೆ ಸರಿಯಿಲ್ಲ ಎಂದು ಅವನನ್ನು ಬದಿಗೆ ಸರಿಸಿದರು. ಅವನು ರಸ್ತೆಯ ಆಚೆ ಹೋಗಿ ನಿಂತು ಮತ್ತೆ ಹೇಳಿದ. ಕೆಲವರು ಸಾಲು ಬಿಟ್ಟು ಬಂದರು. ಹೆಚ್ಚಿನವರು ಬರಲಿಲ್ಲ.

ಬಂದವರಲ್ಲಿ ಹಸೀನಾಬೇಗಂ ಎಂಬ ಹೆಂಗಸೊಬ್ಬಳು ಇದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ಮೊಣಕಾಲು ಹಿಡಿದುಕೊಂಡೇ ನಿಂತು ಕೇಳಿದಳು.

"ನೀವು ಹೇಳೋದು ಖರೆ ಇರಬಹುದು ಅಣ್ಣಾ. ಆದ್ರ ನನಗ ನೋವಂತೂ ಅದ. ನಾನೇನು ಮಾಡ್ಲಿ?"

ಗೊತ್ತಿಲ್ಲದ್ದನ್ನು ಹೇಳಲು ಈಗ ಜಗದೇವಪ್ಪನಿಗೆ ಹೆದರಿಕೆ. ಹುಮೇರಾಗೆ ಫೋನು ಹಚ್ಚಿ ಹಸೀನಾಬೇಗಂ ಕೈಗೆ ಕೊಟ್ಟ. ಹುಮೇರಾ ಮೊದಲು ಅವಳ ನೋವನ್ನೆಲ್ಲ ಕೇಳಿಕೊಂಡಳು. ಆಮೇಲೆ, ಸರಕಾರಿ ದವಾಖಾನೆಗೆ ಹೋಗಿ ಡಾಕ್ಟರನ್ನು ಕಂಡು ಮೊದಲು ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ ಎಂದಳು. ಕಿಡ್ನಿ ಚೆನ್ನಾಗಿದ್ದರೆ ಊಟದಲ್ಲೇ ಕ್ಯಾಲ್ಸಿಯಂ ಸಿಗುತ್ತದೆ, ಮೊಸರು, ಮಜ್ಜಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಳ್ಳಿನ ಚಟ್ನಿ, ನುಗ್ಗೆಸೊಪ್ಪು, ಯಾವುದು ಕೈಗೆ ಎಟಕುತ್ತದೋ ಅದು. ಕೈ ಮುಖಕ್ಕೆ ದಿನಾ ಒಂದಿಷ್ಟು ಬಿಸಿಲು ಬೀಳಲಿ, ಅಂಗಳದಲ್ಲೇ ಕೂತರೂ ಸಾಕು. ಕಿಡ್ನಿ ಸೋತಿದ್ದರೆ ಲೆಕ್ಕ ಬೇರೆ, ಆಗ ಕ್ಯಾಲ್ಸಿಯಂ ಗುಳಿಗೆ ಕೂಡ ಸ್ವಂತಕ್ಕೆ ನುಂಗಬಾರದು, ಹಾಲು ಮೊಸರು ಎಷ್ಟು ಎಂಬುದನ್ನೂ ಡಾಕ್ಟರನ್ನೇ ಕೇಳಬೇಕು ಎಂದಳು.

ಹಸೀನಾಬೇಗಂ ಫೋನು ವಾಪಸ್ ಕೊಟ್ಟು, ಸಾಲಿನ ಕಡೆ ಒಮ್ಮೆ ನೋಡಿ, ದವಾಖಾನೆಯ ದಾರಿ ಹಿಡಿದಳು. ಜಗದೇವಪ್ಪನ ತಂಗಿಯೂ ಅವಳ ಹಿಂದೆ ಹೋದಳು. ಸಂಜೆ ಪೆಂಡಾಲು ಕಳಚುವವರೆಗೂ ಜಗದೇವಪ್ಪ ರಸ್ತೆಯ ಆಚೆ ನಿಂತೇ ಇದ್ದ. ಡಬ್ಬಿ ಹಿಡಿದು ಹೊರಗೆ ಬಂದವರೇ ಹೆಚ್ಚು. ಒಬ್ಬೊಬ್ಬರನ್ನೂ ನಿಲ್ಲಿಸಿ, ಕಿಡ್ನಿ ಪರೀಕ್ಷೆ ಆಗಿದೆಯೇ ಎಂದು ಕೇಳಿದ. ಕೆಲವರು ನಿಂತು ಕೇಳಿಸಿಕೊಂಡರು. ಕೆಲವರು ನಿಲ್ಲಲಿಲ್ಲ.

ಭಾಗ್ಯಶ್ರೀ ಈಗ ಚಿತ್ತಾಪುರದ ತನ್ನ ಮಹಿಳಾ ಸಂಘದ ಸಭೆಯಲ್ಲಿ ಈ ಕಥೆಯನ್ನು ಹೇಳುತ್ತಾಳೆ. ಹೇಳಿದಾಗಲೆಲ್ಲ ಅಳು ಬರುತ್ತದೆ. ಆದರೂ ಹೇಳುತ್ತಾಳೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸುಣ್ಣದ ನೀರು ಕುಡಿಯುತ್ತೇವೆ, ನಮ್ಮ ಎಲುಬಿಗೆ ಏನೂ ಆಗುವುದಿಲ್ಲ ಎಂದು ಕೂರಬೇಡಿ. ನೀರಿನಿಂದ ಒಂದಿಷ್ಟು ಸಿಗುತ್ತದೆ, ಆದರೆ ಅದನ್ನೇ ನಂಬಿ ಊಟ ಮರೆಯುವ ಹಾಗಿಲ್ಲ. ಮೈಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲ, ಹತ್ತಿದ್ದೆಲ್ಲ ಒಳ್ಳೆಯದೂ ಅಲ್ಲ. ಒಳಗೆ ಬಂದದ್ದು ಹೊರಗೆ ಹೋಗಲು ಕಿಡ್ನಿ ಬೇಕು. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರೋ ರಕ್ತದೊತ್ತಡದವರೋ ಇದ್ದರೆ ಅವರ ಕಿಡ್ನಿ ಪರೀಕ್ಷೆ ಮಾಡಿಸಿ. ಬಜಾರಿನಲ್ಲಿ, ಶಿಬಿರದಲ್ಲಿ, ಫೋನಿನ ಜಾಹೀರಾತಿನಲ್ಲಿ ಎಲುಬಿನ ಗುಳಿಗೆ ಕಂಡರೆ ನುಂಗುವ ಮೊದಲು ಅದನ್ನು ಒಯ್ದು ನಿಮ್ಮ ಡಾಕ್ಟರಿಗೆ ತೋರಿಸಿ. ಈಗಾಗಲೇ ನುಂಗುತ್ತಿದ್ದರೆ ಮುಚ್ಚಿಡಬೇಡಿ, ನಾಚಬೇಡಿ, ಇವತ್ತೇ ಹೋಗಿ ಹೇಳಿ.

ಇನ್ನೊಂದು ಮಾತು. ಯಂತ್ರ ಚೆನ್ನಾಗಿದೆ ಎಂದಾಗಲೂ ನಿಮ್ಮ ಮನೆಯವರು ನೋವು ಎಂದರೆ ಅವರ ಮಾತನ್ನು ನಂಬಿ. ನೋವು ನಿಮ್ಮದೇ ಆಗಿದ್ದರೆ, ಪ್ರೀತಿಯ ಕೈ ಕೊಟ್ಟದ್ದಾದರೂ ಸರಿ, ಬೇಡ ಅನ್ನಲು ಹಿಂಜರಿಯಬೇಡಿ.